ಉದುರಿದ ಬೀಜವೆಲ್ಲ ಮೊಳೆಯುವುದಿಲ್ಲ

ಸ್ತನದ ಗಡ್ಡೆ ತೆಗೆಸಿಕೊಂಡು ಹತ್ತು ವರ್ಷ ಕಳೆದಿದೆ. ಆಪರೇಷನ್ನು, ಕೀಮೋ, ರೇಡಿಯೇಷನ್ನು ಎಲ್ಲ ಮುಗಿದು, ವರ್ಷಕ್ಕೊಮ್ಮೆಯ ಮ್ಯಾಮೊಗ್ರಾಂ ಕೂಡ ಹಬ್ಬದ ಹಾಗೆ ಬಂದು ಹೋಗುವ ಮಾಮೂಲಿ ಸಂಗತಿಯಾಗಿದೆ. ಆಮೇಲೆ ಒಂದು ದಿನ ಬೆನ್ನುನೋವು ಶುರು. ವಯಸ್ಸಾಯಿತು, ಕ್ಯಾಲ್ಸಿಯಂ ಕಡಿಮೆಯಾಗಿರಬೇಕು ಎಂದು ಮಾತ್ರೆ ನುಂಗಿದ್ದಾಗುತ್ತದೆ. ನೋವು ಬಗ್ಗದೆ ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯಲ್ಲಿ ಮಚ್ಚೆ. ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಹೇಳುತ್ತಾರೆ: ಇದು ಮೂಳೆಯಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲ. ಹತ್ತು ವರ್ಷದ ಹಿಂದಿನ ಸ್ತನದ ಕ್ಯಾನ್ಸರೇ ಮೂಳೆಯಲ್ಲಿ ಬೆಳೆದಿದೆ.

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ 1.92 ಲಕ್ಷ ಹೊಸ ಪ್ರಕರಣಗಳು. ಹಾಗಾಗಿ ಇಂಥ ಸುದ್ದಿ ಕಿವಿಗೆ ಬೀಳದ ಬೀದಿ ಕಡಿಮೆ. ಸುದ್ದಿಯ ಜೊತೆಗೇ ಒಂದು ಎಚ್ಚರಿಕೆಯೂ ಓಡಾಡುತ್ತದೆ: ‘ಗಂಟಿಗೆ ಸೂಜಿ ಚುಚ್ಚಿಸಬೇಡಿ, ಕಬ್ಬಿಣ ತಾಗಿದರೆ ಮೈಗೆಲ್ಲ ಹಬ್ಬುತ್ತದೆ.’

ಗಡ್ಡೆಯನ್ನೇ ತೆಗೆದ ಮೇಲೆ ಮೂಳೆಗೆ ಹೋದದ್ದು ಏನು? ಹೋಗಿದ್ದು ಯಾವಾಗ? ಹೋದದ್ದು ಹತ್ತು ವರ್ಷ ಎಲ್ಲಿ ಸುಮ್ಮನೆ ಕುಳಿತಿತ್ತು? ಸೂಜಿಗೆ ಇದರಲ್ಲಿ ನಿಜಕ್ಕೂ ಪಾತ್ರವಿದೆಯೇ? ಈ ಪ್ರಶ್ನೆಗಳೆಲ್ಲ ಒಂದೇ ಕಡೆ ಕೂಡುತ್ತವೆ: ರಕ್ತದಲ್ಲಿ.

ಕಾಲಿನ ನಾಳದಲ್ಲಿ ಕಂಡದ್ದು

1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್ವರ್ತ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದ. ಮೈತುಂಬ ಗಡ್ಡೆಗಳಾಗಿ ಕ್ಯಾನ್ಸರಿನಿಂದ ಸತ್ತ ಒಬ್ಬ ರೋಗಿಯ ಕಾಲಿನ ರಕ್ತನಾಳದಿಂದ ಆತ ರಕ್ತ ತೆಗೆದು ನೋಡಿದ್ದ. ಗಡ್ಡೆಯೇ ಇಲ್ಲದ ಕಾಲು ಅದು. ಆದರೂ ರಕ್ತಕಣಗಳ ನಡುವೆ ದೊಡ್ಡ ದೊಡ್ಡ ಜೀವಕೋಶಗಳು ಕಂಡವು. ಗಡ್ಡೆಯಿಂದ ತೆಗೆದ ಕೋಶಗಳ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಥರ. ಗಡ್ಡೆಯಿಂದ ಕಳಚಿಕೊಂಡ ಕೋಶ ಅಷ್ಟು ದೂರದ ಕಾಲನ್ನು ಮುಟ್ಟಬೇಕಾದರೆ ರಕ್ತ ಹರಿಯುವ ದಾರಿಯ ಬಹುಭಾಗವನ್ನು ಸುತ್ತಿ ಬಂದಿರಲೇಬೇಕು ಎಂದು ಆತ ತರ್ಕಿಸಿದ. ಒಬ್ಬನದೇ ಮೈಯಲ್ಲಿ ಹತ್ತಾರು ಕಡೆ ಗಡ್ಡೆ ಏಳುವುದಕ್ಕೆ ಇದೇ ಕಾರಣವಿರಬಹುದೆಂದೂ ಸೂಚಿಸಿದ.

ಹೀಗೆ ರಕ್ತದಲ್ಲಿ ಅಲೆಯುವ ಗಡ್ಡೆಯ ಕೋಶಗಳನ್ನು ವೈದ್ಯರು ಸರ್ಕ್ಯುಲೇಟಿಂಗ್ ಟ್ಯೂಮರ್ ಸೆಲ್ಸ್, ಚಿಕ್ಕದಾಗಿ ಸಿಟಿಸಿ ಎನ್ನುತ್ತಾರೆ. ಇಲ್ಲಿ ‘ಸಂಚಾರಿ ಕೋಶ’ ಎಂದು ಕರೆಯೋಣ.

ಆಶ್ವರ್ತನ ವರದಿಯನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಶಸ್ತ್ರವೈದ್ಯರ ನಂಬಿಕೆ ಬೇರೆ ದಿಕ್ಕಿನಲ್ಲಿತ್ತು: ಕ್ಯಾನ್ಸರ್ ಸ್ತನದಿಂದ ಕಂಕುಳಿನ ದುಗ್ಧಗ್ರಂಥಿಗೆ, ಅಲ್ಲಿಂದ ಮುಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹರಡುತ್ತದೆ. ಆದ್ದರಿಂದ ಎಷ್ಟು ಅಗಲವಾಗಿ ಕತ್ತರಿಸಿದರೆ ಅಷ್ಟು ಒಳ್ಳೆಯದು ಎಂಬುದು ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್ ಬೆಳೆಸಿದ ದಾರಿ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ತೆಗೆಯುವ ಈ ಆಪರೇಷನ್ 1970ರ ದಶಕದವರೆಗೂ ನಡೆಯಿತು. ಲಕ್ಷಾಂತರ ಹೆಂಗಸರು ತೋಳು ಊದಿಕೊಂಡು, ಎದೆ ಗುಳಿಬಿದ್ದು ಬದುಕಿದರು.

ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಇದನ್ನು ಪ್ರಶ್ನಿಸಿದ. ಗಡ್ಡೆ ಕೈಗೆ ಸಿಗುವ ಹೊತ್ತಿಗೇ ಕೋಶಗಳು ರಕ್ತಕ್ಕೆ ಸೇರಿರುತ್ತವಾದರೆ ಎದೆಯನ್ನು ಎಷ್ಟು ಕೆತ್ತಿ ಏನು ಪ್ರಯೋಜನ? 1971ರಲ್ಲಿ ಶುರುವಾದ ಆತನ ಪರೀಕ್ಷೆಯಲ್ಲಿ 1,600ಕ್ಕೂ ಹೆಚ್ಚು ಹೆಂಗಸರಿದ್ದರು. ಕೆಲವರಿಗೆ ಹಾಲ್‌ಸ್ಟೆಡ್ ಮಾದರಿಯ ಆಪರೇಷನ್, ಉಳಿದವರಿಗೆ ಸ್ನಾಯುವನ್ನು ಮುಟ್ಟದ ಚಿಕ್ಕ ಆಪರೇಷನ್. 25 ವರ್ಷ ಕಾದು ಲೆಕ್ಕ ಹಾಕಿದಾಗಲೂ ಬದುಕುಳಿದವರ ಪ್ರಮಾಣದಲ್ಲಿ ಅಂತರ ಕಾಣಲಿಲ್ಲ. ಇಂದು ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸುವ ಪದ್ಧತಿಯ ಹಿಂದೆ ಇರುವುದು ಈ ಸರಣಿಯ ಪರೀಕ್ಷೆಗಳೇ.

735 ಸಾವುಗಳ ಲೆಕ್ಕ

ಹಾಗಾದರೆ ರಕ್ತಕ್ಕೆ ಬಿದ್ದ ಕೋಶ ಎಲ್ಲಿ ಬೇಕಾದರೂ ಬೆಳೆಯಬೇಕಲ್ಲ? ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ಒಟ್ಟುಮಾಡಿ ಯಾವ ಅಂಗದಲ್ಲಿ ಎಷ್ಟು ಸಲ ಗಡ್ಡೆ ಸಿಕ್ಕಿದೆ ಎಂದು ಎಣಿಸಿದ. ಯಕೃತ್ತಿನಲ್ಲಿ 241 ಬಾರಿ. ಗುಲ್ಮದಲ್ಲಿ ಬರೀ 17 ಬಾರಿ. ಗುಲ್ಮಕ್ಕೇನು ರಕ್ತದ ಕೊರತೆಯಿಲ್ಲ. ಹರಿವು ಹೋದಲ್ಲೆಲ್ಲ ಗಡ್ಡೆ ಏಳುವುದಾದರೆ ಈ ಅಜಗಜಾಂತರ ಇರಬಾರದಿತ್ತು.

ಪ್ಯಾಜೆಟ್ ಕೊಟ್ಟ ಉತ್ತರ ಬೀಜ ಮತ್ತು ಮಣ್ಣಿನದು. ನಮ್ಮ ಬೂರುಗದ ಮರವನ್ನೇ ನೋಡಿ. ಬೇಸಿಗೆಯಲ್ಲಿ ಕಾಯಿ ಬಿರಿದು ಹತ್ತಿ ಹಾರಿದರೆ ಊರಿನ ಸೂರು, ರಸ್ತೆ, ಬಾವಿಕಟ್ಟೆ, ಗದ್ದೆ ಎಲ್ಲ ಕಡೆ ಬೀಜ ಬೀಳುತ್ತದೆ. ಮರುವರ್ಷ ಊರು ಕಾಡಾಗುವುದಿಲ್ಲ. ಎಲ್ಲೋ ಹಸಿ ಮಣ್ಣು ಸಿಕ್ಕಿದ ಒಂದೆರಡು ಮೊಳೆಯುತ್ತವೆ. ಸಂಚಾರಿ ಕೋಶ ಬೀಜ, ಅಂಗಾಂಗಗಳು ಮಣ್ಣು. ಬೀಜ ಎಲ್ಲೆಲ್ಲಿ ಹಾರಿತು ಎಂಬುದರ ಜೊತೆಗೆ ಯಾವ ಮಣ್ಣು ಅದನ್ನು ಒಪ್ಪಿತು ಎಂಬುದನ್ನೂ ನೋಡಬೇಕು.

ದಿನಕ್ಕೆ ಮೂವತ್ತು ಲಕ್ಷ

ಎಷ್ಟು ಬೀಜ ಹಾರುತ್ತದೆ? 1975ರಲ್ಲಿ ಇಬ್ಬರು ಸಂಶೋಧಕರು ಇಲಿಯ ಸ್ತನದ ಗಡ್ಡೆಯಿಂದ ಹೊರಬರುವ ರಕ್ತವನ್ನು ಹಿಡಿದು ಎಣಿಸಿದರು. ಒಂದು ಗ್ರಾಂ ಗಡ್ಡೆಯಿಂದ ದಿನಕ್ಕೆ 30ರಿಂದ 40 ಲಕ್ಷ ಕೋಶಗಳು ಹೊರಡುತ್ತಿದ್ದವು. ಅವೆಲ್ಲ ಗಡ್ಡೆಯಾಗಿದ್ದರೆ ಇಲಿ ವಾರವೊಪ್ಪತ್ತೂ ಬದುಕುತ್ತಿರಲಿಲ್ಲ.

ಹೊರಟ ಕೋಶಗಳ ಗತಿ ಏನಾಗುತ್ತದೆಂದು ತೋರಿಸಿದ್ದು ಐಸಾಯ ಫಿಡ್ಲರ್. 1970ರಲ್ಲಿ ಆತ ಕ್ಯಾನ್ಸರ್ ಕೋಶಗಳಿಗೆ ವಿಕಿರಣದ ಗುರುತು ಹಚ್ಚಿ ಇಲಿಗಳ ರಕ್ತಕ್ಕೆ ಬಿಟ್ಟು ಜಾಡು ಹಿಡಿದ. ಬಹುಪಾಲು ಕೋಶಗಳು ಮೊದಲ ದಿನವೇ ಸತ್ತವು. ಎರಡು ವಾರದ ಹೊತ್ತಿಗೆ ಉಳಿದದ್ದು ಸಾವಿರಕ್ಕೆ ಒಂದರಷ್ಟು.

ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಆದರೆ ಚಿಕಿತ್ಸೆಯೊಂದು ತಾನಾಗಿಯೇ ಆ ಪ್ರಯೋಗವಾಗಿಬಿಟ್ಟಿತು. ಅಂಡಾಶಯದ ಕ್ಯಾನ್ಸರ್ ಮುಂತಾದ ಕಾಯಿಲೆಗಳಲ್ಲಿ ಹೊಟ್ಟೆಯೊಳಗೆ ನೀರು ತುಂಬುತ್ತದೆ, ಉಸಿರಾಟವೂ ಕಷ್ಟವಾಗುತ್ತದೆ. ಹಿಂದೆ ಕೆಲವು ರೋಗಿಗಳಿಗೆ ಒಂದು ಕೊಳವೆ ಹಾಕಿ ಆ ನೀರನ್ನು ಕುತ್ತಿಗೆಯ ರಕ್ತನಾಳಕ್ಕೆ ಹರಿಸುತ್ತಿದ್ದರು. ನೀರಿನ ಜೊತೆ ಜೀವಂತ ಕ್ಯಾನ್ಸರ್ ಕೋಶಗಳೂ ಕೋಟಿಗಟ್ಟಲೆಯಾಗಿ ನೇರ ರಕ್ತಕ್ಕೆ ಸುರಿಯುತ್ತಿದ್ದವು. ಡೇವಿಡ್ ಟ್ಯಾರಿನ್ ಮತ್ತು ಸಂಗಡಿಗರು 1984ರಲ್ಲಿ ಇಂಥ ರೋಗಿಗಳ ಶವಪರೀಕ್ಷೆಯ ವಿವರ ಪ್ರಕಟಿಸಿದರು. ಹಲವರ ಶ್ವಾಸಕೋಶದಲ್ಲಿ, ಬೇರೆ ಅಂಗಗಳಲ್ಲಿ ಹೊಸ ಗಡ್ಡೆಯೇ ಇರಲಿಲ್ಲ. ಬೀಜ ರಾಶಿ ರಾಶಿ ಸುರಿದಿತ್ತು, ಮೊಳಕೆ ಇರಲಿಲ್ಲ.

ದಾರಿಯಲ್ಲಿ ಕಾದಿರುವ ಸಾವು

ಸ್ತನದ ಕೋಶ ಅಕ್ಕಪಕ್ಕದವನ್ನು ಅಂಟಿಕೊಂಡು ಬದುಕುವ ಜಾತಿಯದು. ಆ ಹಿಡಿತ ತಪ್ಪಿದರೆ ತನ್ನನ್ನು ತಾನೇ ಕೊಂದುಕೊಳ್ಳುವ ವ್ಯವಸ್ಥೆ ಅದರೊಳಗೇ ಇದೆ. ರಕ್ತಕ್ಕೆ ಬಿದ್ದ ಒಂಟಿ ಕೋಶ ಎದುರಿಸುವ ಮೊದಲ ಅಪಾಯವೇ ಈ ಒಂಟಿತನ.

ಎರಡನೆಯದು ಹರಿವಿನ ರಭಸ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ, ಅಂದರೆ ಮೈಯಲ್ಲಿರುವ ಅಷ್ಟೂ ರಕ್ತ ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಈ ಎಳೆದಾಟಕ್ಕೆ ಹೊಂದಿಕೊಂಡಿರುವುದು ರಕ್ತಕಣಗಳು. ಗಡ್ಡೆಯ ಕೋಶಕ್ಕೆ ಅದು ಹೊಸದು.

ಮೂರನೆಯದು ಗಾತ್ರ. ಸ್ತನದಿಂದ ಹೊರಟ ರಕ್ತ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ಲೋಮನಾಳಗಳನ್ನು ಹಾಯಬೇಕು. ಅವುಗಳ ಅಗಲ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ 5ರಿಂದ 10 ಭಾಗದಷ್ಟು. ಸಂಚಾರಿ ಕೋಶಗಳಲ್ಲಿ ಹೆಚ್ಚಿನವು ಅದಕ್ಕಿಂತ ದಪ್ಪ. ಹಿಂಡಿಕೊಂಡು ನುಸುಳಲಾರದವು ಅಲ್ಲೇ ಸಿಕ್ಕಿಬಿದ್ದು ಒಡೆಯುತ್ತವೆ. ದಾಟಿದವುಗಳ ಮೇಲೆ ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳ ದಾಳಿ. ಕೆಲವು ಕೋಶಗಳು ಇದನ್ನು ತಪ್ಪಿಸಿಕೊಳ್ಳಲು ಪ್ಲೇಟ್‌ಲೆಟ್‌ಗಳನ್ನು ಮೈಗೆ ಹತ್ತಿಸಿಕೊಂಡು ಅವುಗಳ ಮರೆಯಲ್ಲಿ ಸಾಗುತ್ತವೆ.

ಗೊಂಚಲಿನ ಬಲ

ಒಂಟಿಯಾಗಿ ಹೋದದ್ದು ಸಾಯುತ್ತದೆ ಎಂದರೆ, ಒಟ್ಟಾಗಿ ಹೋದರೆ?

2014ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನಿಕೋಲಾ ಅಚೆಟೊ, ಶ್ಯಾಮಲಾ ಮಹೇಶ್ವರನ್, ಡೇನಿಯಲ್ ಹೇಬರ್ ತಂಡ ಇದಕ್ಕೆ ಉತ್ತರ ಕೊಟ್ಟಿತು. ರಕ್ತದಲ್ಲಿ ಕೆಲವು ಕೋಶಗಳು ಎರಡು, ಮೂರು, ಹತ್ತು ಒಟ್ಟಿಗೆ ಅಂಟಿಕೊಂಡು ಗೊಂಚಲಾಗಿ ಸಾಗುತ್ತವೆ. ಸಂಚಾರಿ ಕೋಶಗಳಲ್ಲಿ ಗೊಂಚಲಿನ ಪಾಲು ನೂರಕ್ಕೆ 2ರಿಂದ 5 ಅಷ್ಟೆ. ಆದರೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಒಂಟಿ ಕೋಶಕ್ಕೆ ಹೋಲಿಸಿದರೆ ಹೊಸ ಗಡ್ಡೆ ಹೂಡುವ ಅವುಗಳ ಶಕ್ತಿ 23ರಿಂದ 50 ಪಟ್ಟು ಹೆಚ್ಚು. ಈ ಗೊಂಚಲು ರಕ್ತದಲ್ಲಿ ತೇಲುವಾಗ ಕೂಡಿಕೊಂಡದ್ದೂ ಅಲ್ಲ. ತಂಡ ಒಂದೇ ಗಡ್ಡೆಯಲ್ಲಿ ಎರಡು ಬಣ್ಣದ ಕೋಶಗಳನ್ನು ಬೆರೆಸಿ ಬೆಳೆಸಿದಾಗ ಎರಡೂ ಬಣ್ಣದ ಗೊಂಚಲು ಸಿಕ್ಕವು. ಎರಡು ಬಣ್ಣದ ಗಡ್ಡೆಗಳನ್ನು ಬೇರೆ ಬೇರೆ ಕಡೆ ಬೆಳೆಸಿದಾಗ ಅಂಥವು ಸಿಗುವುದು ತೀರಾ ಅಪರೂಪವಾಯಿತು. ಅಂದರೆ ಅವು ಗಡ್ಡೆಯಿಂದಲೇ ಕಚ್ಚಿಕೊಂಡು ಕಳಚುತ್ತವೆ.

ಅವನ್ನು ಹಿಡಿದಿಡುವ ಅಂಟುಗಳಲ್ಲಿ ಪ್ಲಾಕೊಗ್ಲೋಬಿನ್ ಎಂಬ ಪ್ರೋಟೀನ್ ಮುಖ್ಯ. ಅದನ್ನು ತಗ್ಗಿಸಿದಾಗ ಗೊಂಚಲು ಕಡಿಮೆಯಾದವು, ಇಲಿಯ ಶ್ವಾಸಕೋಶದಲ್ಲಿ ಗಡ್ಡೆಗಳೂ ಕಡಿಮೆಯಾದವು.

ಒಂಟಿ ಕೋಶವೇ ನುಸುಳಲು ಒದ್ದಾಡುವ ಲೋಮನಾಳದಲ್ಲಿ ಗೊಂಚಲು ಹೇಗೆ ದಾಟುತ್ತದೆ? 2016ರಲ್ಲಿ ಅದೇ ಆಸ್ಪತ್ರೆಯ ಮೆಹ್ಮೆತ್ ಟೋನರ್ ತಂಡ ಲೋಮನಾಳದಷ್ಟೇ ಕಿರಿದಾದ ಕೃತಕ ನಾಳಗಳಲ್ಲಿ ಗೊಂಚಲುಗಳನ್ನು ಹರಿಸಿ ನೋಡಿತು. ಇಪ್ಪತ್ತು ಕೋಶಗಳ ಗೊಂಚಲು ಕೂಡ ಇಕ್ಕಟ್ಟಿನಲ್ಲಿ ಬಿಚ್ಚಿಕೊಂಡು ಒಂದರ ಹಿಂದೊಂದು ಸಾಲಾಗಿ ನುಸುಳಿತು. ಆಚೆ ಬದಿಗೆ ಬಂದ ಮೇಲೆ ಮತ್ತೆ ಉಂಡೆಯಾಯಿತು.

ಹತ್ತು ವರ್ಷದ ಮೌನ

ಇನ್ನು ಮಣ್ಣಿನ ಮಾತು. ಮೂಳೆ ಹೊರಗಿನಿಂದ ಕಲ್ಲಿನಂತೆ ಕಂಡರೂ ಅಲ್ಲಿ ದಿನವೂ ಕೆಡಹುವ, ಕಟ್ಟುವ ಕೆಲಸ ನಡೆದಿರುತ್ತದೆ. ಕೆಡಹುವ ಕೋಶಗಳು ಮೂಳೆಯನ್ನು ಕರಗಿಸಿದಾಗ ಅದರೊಳಗೆ ಕೂಡಿಟ್ಟ ಬೆಳವಣಿಗೆಯ ರಾಸಾಯನಿಕಗಳು ಹೊರಬೀಳುತ್ತವೆ. ಅಲ್ಲಿಗೆ ಬಂದಿಳಿದ ಸ್ತನದ ಕೋಶಕ್ಕೆ ಅದೇ ಗೊಬ್ಬರ. ಬಲಿತ ಮೇಲೆ ಅದು ಮೂಳೆ ಕೆಡಹುವ ಕೋಶಗಳನ್ನು ಇನ್ನಷ್ಟು ಕೆರಳಿಸುತ್ತದೆ, ಗೊಬ್ಬರ ಇನ್ನಷ್ಟು ಸಿಗುತ್ತದೆ.

ಆದರೆ ಇಳಿದ ಕೂಡಲೇ ಇದು ಶುರುವಾಗಬೇಕೆಂದಿಲ್ಲ. ಅಮೆರಿಕದ ಡಲಾಸ್‌ನ ಸಂಶೋಧಕರು ಸ್ತನ ತೆಗೆಸಿಕೊಂಡು 7ರಿಂದ 22 ವರ್ಷ ಕಳೆದ, ರೋಗದ ಯಾವ ಸುಳಿವೂ ಇಲ್ಲದ 36 ಹೆಂಗಸರ ರಕ್ತ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಆ ವರದಿಯಂತೆ 13 ಮಂದಿಯ ರಕ್ತದಲ್ಲಿ ಸಂಚಾರಿ ಕೋಶಗಳಿದ್ದವು. ಅದೇ ತಂಡ ಈಗಷ್ಟೇ ಗಡ್ಡೆ ತೆಗೆಸಿಕೊಂಡವರಲ್ಲಿ ಅಳೆದಾಗ, ರಕ್ತದಲ್ಲಿನ ಸಂಚಾರಿ ಕೋಶಗಳು ಒಂದರಿಂದ ಎರಡೂವರೆ ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತಿದ್ದವು. ಗಂಟೆಗಳಲ್ಲಿ ಸಾಯುವ ಕೋಶ ಇಪ್ಪತ್ತು ವರ್ಷದ ಮೇಲೂ ರಕ್ತದಲ್ಲಿ ಸಿಗುತ್ತದೆಂದರೆ ಎಲ್ಲೋ ಒಂದು ಪುಟ್ಟ ನೆಲೆಯಿಂದ ಹೊಸದಾಗಿ ಬರುತ್ತಲೇ ಇರಬೇಕು. ಆ ನೆಲೆಯಲ್ಲಿ ಹುಟ್ಟಿದಷ್ಟೇ ಕೋಶಗಳು ಸಾಯುತ್ತಿವೆ. ಹಾಗಾಗಿ ಅದು ಬೆಳೆಯುತ್ತಿಲ್ಲ, ಸ್ಕ್ಯಾನಿಗೆ ಕಾಣುತ್ತಿಲ್ಲ. ಈ ಸಮತೋಲ ಅನೇಕರಲ್ಲಿ ಬದುಕಿನುದ್ದಕ್ಕೂ ಉಳಿಯುತ್ತದೆ. ಕೆಲವರಲ್ಲಿ ಮುರಿಯುತ್ತದೆ. ಹತ್ತು ವರ್ಷದ ನಂತರದ ಬೆನ್ನುನೋವು ಅಂಥ ಮುರಿತದ ಸದ್ದು.

ನಾಲ್ಕು ಸಾವಿರ ಕೋಟಿಯಲ್ಲಿ ಐದು

ಸಂಚಾರಿ ಕೋಶವನ್ನು ಆಸ್ಪತ್ರೆಯಲ್ಲಿ ಎಣಿಸುವುದು ಸುಲಭವಲ್ಲ. ಪರೀಕ್ಷೆಗೆ ತೆಗೆಯುವುದು 7.5 ಮಿಲಿಲೀಟರ್, ಹೆಚ್ಚುಕಡಿಮೆ ಒಂದೂವರೆ ಟೀ ಚಮಚ ರಕ್ತ. ಅದರಲ್ಲಿ ಸುಮಾರು ನಾಲ್ಕು ಸಾವಿರ ಕೋಟಿ ಕೆಂಪು ಕಣ, ಸುಮಾರು ಐದು ಕೋಟಿ ಬಿಳಿ ಕಣ. ಹುಡುಕಬೇಕಾದದ್ದು ಬೆರಳೆಣಿಕೆಯ ಕೋಶ.

2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ಸೆಲ್‌ಸರ್ಚ್ ಎಂಬ ಯಂತ್ರದ ಉಪಾಯ ಹೀಗಿದೆ. ಸ್ತನದ ಕೋಶದ ಹೊರಮೈಯಲ್ಲಿರುವ, ರಕ್ತಕಣಗಳಲ್ಲಿಲ್ಲದ ಒಂದು ಪ್ರೋಟೀನಿಗೆ ಅಂಟುವಂತೆ ಅತಿಸಣ್ಣ ಕಬ್ಬಿಣದ ಕಣಗಳನ್ನು ರಕ್ತಕ್ಕೆ ಬೆರೆಸುತ್ತಾರೆ. ಅಯಸ್ಕಾಂತ ಹಿಡಿದರೆ ಕಬ್ಬಿಣ ಹತ್ತಿದ ಕೋಶಗಳು ಪಕ್ಕಕ್ಕೆ ಬರುತ್ತವೆ. ತಪ್ಪಿ ಬಂದ ಬಿಳಿ ಕಣಗಳನ್ನು ಬಣ್ಣ ಹಾಕಿ ಬೇರ್ಪಡಿಸುತ್ತಾರೆ. ಆ ಪ್ರೋಟೀನನ್ನು ಕಳಚಿಕೊಂಡು ವೇಷ ಬದಲಿಸಿದ ಕೋಶ ಮಾತ್ರ ಈ ಬಲೆಗೆ ಬೀಳುವುದಿಲ್ಲ.

ಅದೇ ವರ್ಷ ಮಾಸ್ಸಿಮೊ ಕ್ರಿಸ್ಟೊಫನಿಲಿ ಮತ್ತು ಸಂಗಡಿಗರು, ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದ 177 ಹೆಂಗಸರ ವಿವರ ಪ್ರಕಟಿಸಿದರು. ಚಿಕಿತ್ಸೆಗೆ ಮೊದಲು 7.5 ಮಿಲಿಲೀಟರಿನಲ್ಲಿ 5 ಅಥವಾ ಹೆಚ್ಚು ಸಂಚಾರಿ ಕೋಶಗಳಿದ್ದವರಲ್ಲಿ ರೋಗ ಮತ್ತೆ ಮುಂದುವರಿಯಲು ಹಿಡಿದ ನಡುಸರಾಸರಿ ಅವಧಿ 2.7 ತಿಂಗಳು. ಐದಕ್ಕಿಂತ ಕಡಿಮೆಯಿದ್ದವರಲ್ಲಿ 7 ತಿಂಗಳು. ಬದುಕಿದ ಅವಧಿಯಲ್ಲೂ ಇಂಥದೇ ಅಂತರ.

ಹಾಗಾದರೆ ಕೀಮೋ ಕೊಟ್ಟ ಮೇಲೂ ಎಣಿಕೆ ಇಳಿಯದಿದ್ದರೆ ತಕ್ಷಣ ಔಷಧ ಬದಲಿಸಿಬಿಡಬಹುದಲ್ಲ? ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. 2014ರಲ್ಲಿ ಬಂದ ಫಲಿತಾಂಶ ನಿರಾಸೆಯದು: ಬೇಗ ಔಷಧ ಬದಲಿಸಿದವರು ಹೆಚ್ಚು ದಿನ ಬದುಕಲಿಲ್ಲ. ಒಂದು ಕೀಮೋಗೆ ಬಗ್ಗದ ಕೋಶ ಇನ್ನೊಂದಕ್ಕೂ ಬಗ್ಗಲಿಲ್ಲ. ಎಣಿಕೆ ರೋಗದ ಬಿರುಸನ್ನು ಸರಿಯಾಗಿಯೇ ಹೇಳಿತ್ತು, ಅದನ್ನು ತಗ್ಗಿಸುವ ಮದ್ದು ಕೈಯಲ್ಲಿರಲಿಲ್ಲ.

ರಕ್ತ ತೆಗೆಯುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಚೆಟೊ ತಂಡ 30 ಹೆಂಗಸರ ರಕ್ತವನ್ನು ಬೆಳಗಿನ ಜಾವ 4ಕ್ಕೂ, 10 ಗಂಟೆಗೂ ತೆಗೆದು ನೋಡಿತು. ಸಿಕ್ಕ ಸಂಚಾರಿ ಕೋಶಗಳಲ್ಲಿ ನೂರಕ್ಕೆ 78 ನಾಲ್ಕು ಗಂಟೆಯ, ನಿದ್ದೆಯ ಹೊತ್ತಿನ ರಕ್ತದಲ್ಲಿದ್ದವು. ಹಗಲು ರಾತ್ರಿ ಏರಿಳಿಯುವ ಹಾರ್ಮೋನುಗಳು ಇದರ ಹಿಂದಿವೆ. ಇದನ್ನು ಓದಿ ಯಾರೂ ನಿದ್ದೆಗೆಡಬೇಕಾಗಿಲ್ಲ. ಎಣಿಕೆಯ ಚೀಟಿಯ ಮೇಲೆ ಗಂಟೆಯನ್ನೂ ಬರೆಯುವುದು ಒಳ್ಳೆಯದು.

‘ರಕ್ತದಲ್ಲೇ ಪತ್ತೆ’ ಮತ್ತು ಸೂಜಿಯ ಭಯ

ಸ್ತನ ಕ್ಯಾನ್ಸರನ್ನು ಮೊದಲ ಹಂತದಲ್ಲೇ ರಕ್ತದಿಂದ ಕಂಡುಹಿಡಿಯುವ ಆಸೆ ಎಲ್ಲರದೂ. ಜರ್ಮನಿಯ ದೊಡ್ಡ ಅಧ್ಯಯನವೊಂದು ಇಲ್ಲಿರುವ ತೊಡಕನ್ನು ತೋರಿಸುತ್ತದೆ. ಕ್ಯಾನ್ಸರ್ ಇರುವುದು ಖಚಿತವಾಗಿ, ಆಪರೇಷನ್ ಆಗಿ, ಇನ್ನೂ ಕೀಮೋ ಶುರುವಾಗದಿದ್ದ 2,026 ಹೆಂಗಸರಿಂದ 30 ಮಿಲಿಲೀಟರ್ ರಕ್ತ ತೆಗೆದರೂ ಸಂಚಾರಿ ಕೋಶ ಸಿಕ್ಕಿದ್ದು ನೂರಕ್ಕೆ 21.5 ಮಂದಿಯಲ್ಲಿ. ಐವರಲ್ಲಿ ನಾಲ್ವರ ಎಣಿಕೆ ಸೊನ್ನೆ. ಸಿಕ್ಕವರಲ್ಲಿ ರೋಗ ಮರಳುವ ಸಾಧ್ಯತೆ ಹೆಚ್ಚಿತ್ತು ಎಂಬುದು ನಿಜ. ಆದರೆ ಎಣಿಕೆ ಸೊನ್ನೆ ಬಂದರೆ ಕ್ಯಾನ್ಸರ್ ಇಲ್ಲ ಎಂದು ಹೇಳಲು ಇದು ಸಾಲದು. ಎದೆಯಲ್ಲಿ ಗಂಟು ಕಂಡವರಿಗೆ ವೈದ್ಯರ ತಪಾಸಣೆ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಮತ್ತು ಸೂಜಿ ಹಾಕಿ ತೆಗೆಯುವ ಬಯಾಪ್ಸಿ, ಇವೇ ಇಂದಿಗೂ ದಾರಿ.

ಆ ಸೂಜಿ ಬೀಜವನ್ನು ಚೆದುರಿಸುತ್ತದೆಯೇ? ಚೆದುರಿಸುತ್ತದೆ. 1999ರಲ್ಲಿ ಅಮೆರಿಕದ ವೈದ್ಯರು ಬಯಾಪ್ಸಿಯ ನಂತರ ಆಪರೇಷನ್ ಆದ 352 ಗಡ್ಡೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ 32ರಲ್ಲಿ ಸೂಜಿ ಹಾಯ್ದ ಜಾಡಿನಲ್ಲಿ ಕಳಚಿದ ಕೋಶಗಳಿದ್ದವು. ಮುಂದಿನ ಲೆಕ್ಕ ಇನ್ನೂ ಕುತೂಹಲದ್ದು. ಸೂಜಿ ಹಾಕಿ 15 ದಿನದೊಳಗೆ ಆಪರೇಷನ್ ಆದವರಲ್ಲಿ ನೂರಕ್ಕೆ 42. 28 ದಿನ ದಾಟಿದವರಲ್ಲಿ ನೂರಕ್ಕೆ 15. ದಿನ ಕಳೆದಂತೆ ಜಾಡಿನ ಕೋಶಗಳು ಮಾಯವಾಗುತ್ತಿದ್ದವು, ಅಂದರೆ ಸಾಯುತ್ತಿದ್ದವು. ಗಡ್ಡೆ ಸೂಜಿಯನ್ನು ಕಾಣುವ ಎಷ್ಟೋ ಮುಂಚಿನಿಂದ ತಾನಾಗಿಯೇ ಕೋಶ ಉದುರಿಸುತ್ತಿರುತ್ತದೆ. ಸೂಜಿಗೆ ಹೆದರಿ ಕಳೆದ ತಿಂಗಳುಗಳಲ್ಲಿ ಅದು ಉದುರಿಸುವುದೇ ಹೆಚ್ಚು.

ಆಪರೇಷನ್ ಹೊತ್ತಿನ ಚೆದುರಿಕೆಯನ್ನು ತಡೆಯುವ ಸರಳ ಪ್ರಯತ್ನವೊಂದು ಭಾರತದಲ್ಲೇ ನಡೆದಿದೆ. ಮುಂಬೈಯ ಟಾಟಾ ಮೆಮೋರಿಯಲ್‌ನ ರಾಜೇಂದ್ರ ಬಡ್ವೆ ನೇತೃತ್ವದಲ್ಲಿ ದೇಶದ 11 ಕೇಂದ್ರಗಳ 1,583 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ, ಗಡ್ಡೆ ತೆಗೆಯುವ 7ರಿಂದ 10 ನಿಮಿಷ ಮೊದಲು ಅದರ ಸುತ್ತ ಲಿಗ್ನೋಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅಗ್ಗದ ಇಂಜೆಕ್ಷನ್ ಅದು. 2023ರಲ್ಲಿ ಬಂದ ಫಲಿತಾಂಶದಂತೆ ಐದು ವರ್ಷ ಬದುಕಿದವರ ಪ್ರಮಾಣ ಇಂಜೆಕ್ಷನ್ ಇಲ್ಲದವರಲ್ಲಿ ನೂರಕ್ಕೆ 86.4, ಪಡೆದವರಲ್ಲಿ 90.1.

ಮಣ್ಣಿಗೆ ಮದ್ದು, ಗೊಂಚಲಿಗೆ ಮದ್ದು

ಮೂಳೆ ಸವೆತಕ್ಕೆ ಕೊಡುವ ಜೋಲೆಡ್ರೊನೇಟ್‌ನಂಥ ಬಿಸ್‌ಫಾಸ್ಫೊನೇಟ್ ಔಷಧಗಳು ಮೂಳೆ ಕೆಡಹುವ ಕೋಶಗಳ ಕೈಕಟ್ಟುತ್ತವೆ. ಗೊಬ್ಬರ ಹೊರಬೀಳುವುದು ನಿಂತರೆ ಮೊಳಕೆಯೂ ನಿಲ್ಲಬೇಕಲ್ಲ? 26 ಪರೀಕ್ಷೆಗಳ 18,766 ಹೆಂಗಸರ ವಿವರ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಗೆ ರೋಗ ಮರಳುವುದೂ, ಸ್ತನ ಕ್ಯಾನ್ಸರಿನ ಸಾವೂ ಕಡಿಮೆಯಾಗಿದ್ದವು. ಮುಟ್ಟು ನಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಒಂದೇ ಬೀಜ, ಒಂದೇ ಮದ್ದು. ಹಾರ್ಮೋನು ಬದಲಾದಾಗ ಮೂಳೆಯ ಮಣ್ಣೇ ಬದಲಾಗಿರುತ್ತದೆ.

ಬೀಜದ ಕಡೆಯಿಂದ ಬಂದ ಯತ್ನ ಗೊಂಚಲು ಬಿಚ್ಚುವುದು. ಅಚೆಟೊ ತಂಡ ಈಗಾಗಲೇ ಬಳಕೆಯಲ್ಲಿರುವ ಔಷಧಗಳನ್ನು ಸಾಲಾಗಿ ಜಾಲಾಡಿದಾಗ ಹೃದ್ರೋಗಿಗಳಿಗೆ ದಶಕಗಳಿಂದ ಕೊಡುತ್ತಿರುವ ಡಿಗಾಕ್ಸಿನ್ ಸಿಕ್ಕಿತು. ಕೋಶದ ಹೊರಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಅದು ತಡೆದಾಗ ಕೋಶಗಳ ನಡುವಿನ ಅಂಟು ಸಡಿಲವಾಗುತ್ತದೆ. 2025ರ ಆರಂಭದಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ, ಕ್ಯಾನ್ಸರ್ ಹರಡಿದ್ದ 9 ಹೆಂಗಸರಿಗೆ ಕಡಿಮೆ ಪ್ರಮಾಣದ ಡಿಗಾಕ್ಸಿನ್ ಕೊಟ್ಟಾಗ ಗೊಂಚಲಿನ ಗಾತ್ರ ಸರಾಸರಿ 2.2 ಕೋಶದಷ್ಟು ಇಳಿಯಿತು. ಹೃದಯದ ಮಾತ್ರೆ ಕ್ಯಾನ್ಸರಿನ ಮದ್ದಾಯಿತು ಎನ್ನುವಷ್ಟು ದೊಡ್ಡ ಪರೀಕ್ಷೆ ಅದಲ್ಲ. ಮನುಷ್ಯರ ರಕ್ತದಲ್ಲಿ ಗೊಂಚಲನ್ನು ಬಿಚ್ಚಬಹುದು ಎಂಬುದಷ್ಟೇ ಅದರಿಂದ ಗೊತ್ತಾದದ್ದು. ಗಡ್ಡೆ ಕುಗ್ಗಿಸುವ ಕೀಮೋಗಳ ಸಾಲಿನಲ್ಲಿ ಗಡ್ಡೆಯನ್ನು ಮುಟ್ಟದೆ ಅದರ ಪ್ರಯಾಣಕ್ಕೆ ಮಾತ್ರ ಕೈಹಾಕುವ ಔಷಧ ಸೇರಬಹುದೇ ಎಂಬುದನ್ನು ಹೆಚ್ಚು ಹೆಂಗಸರಿರುವ, ಹೆಚ್ಚು ವರ್ಷ ನಡೆಯುವ ಮುಂದಿನ ಪರೀಕ್ಷೆಗಳು ಹೇಳಬೇಕು.